ಅಡ್ಡಹೆಸರೇ ಅಡ್ರೆಸ್ಸು: ಗೋವಾದಲ್ಲಿ ಮೂರು ಊರು ಹುಡುಕಿದ ಕಥೆ

ಬೇಸಿಗೆ ರಜೆಗೆ ವಾಸ್ಕೋದ ನಮ್ಮ ಮನೆಗೆ ಬರುವ ನೆಂಟರ ಪಟ್ಟಿ ಪ್ರತಿ ವರ್ಷ ಒಂದೇ ಥರ. ಬೀಚು, ಚರ್ಚು, ಗೋಡಂಬಿ, ಗಂಡಸರಿಗೆ ಗುಟ್ಟಾಗಿ ಇನ್ನೊಂದು. ಈ ಮೇ ತಿಂಗಳಲ್ಲಿ ಧಾರವಾಡದಿಂದ ಬಂದ ಕಾಕಾ ಮಾತ್ರ ಚೀಲ ಇಳಿಸುವ ಮೊದಲೇ ಹೇಳಿದರು, "ತಮ್ಮಾ, ಸಮುದ್ರ ಏನ್ ನೋಡೂದೈತಿ? ಕೇಸರಬಾಯಿ ಊರು ತೋರಸು."

ಕಾಕಾ ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳಿ ಬೆಳೆದವರು. ಮನ್ಸೂರರು ಕಲಿತದ್ದು ದೊಡ್ಡ ಹಿಂದೂಸ್ತಾನಿ ಗಾಯಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಹತ್ತಿರ. ಆ ಅಲ್ಲಾದಿಯಾ ಖಾನರಿಂದಲೇ ಕಲಿತ ಇಬ್ಬರು ದೊಡ್ಡ ಗಾಯಕಿಯರು ಗೋವಾದವರು, ಕೇಸರಬಾಯಿ ಕೇರಕರ್ ಮತ್ತು ಮೋಗೂಬಾಯಿ ಕುರ್ಡೀಕರ್. ಕಾಕಾ ಲೆಕ್ಕದಲ್ಲಿ ಇವರೆಲ್ಲ ಗುರುಮನೆ ಕಡೆಯ ನೆಂಟರು.

ಹುಡುಕೋದು ಸುಲಭ ಅಂದುಕೊಂಡಿದ್ದೆ. ಹೆಸರಲ್ಲೇ ಊರಿದೆಯಲ್ಲ. ಕೇರಿಯವರು ಕೇರಕರ್, ಕುರ್ಡಿಯವರು ಕುರ್ಡೀಕರ್, ಮಂಗೇಶಿಯವರು ಮಂಗೇಶ್ಕರ್. ನಮ್ಮಲ್ಲೂ ಹಾಗೇ ಅಲ್ವಾ, ಗಂಗೂಬಾಯಿ ಹಾನಗಲ್, ರಾಮಭಾವು ಕುಂದಗೋಳಕರ್. ಸರಿ ಅಂತ ಮೊಬೈಲಿನಲ್ಲಿ ಕೇರಿ ಅಂತ ಒತ್ತಿ ಹೊರಟೆವು.

ಎರಡು ಗಂಟೆಗೂ ಜಾಸ್ತಿ ಹೊತ್ತು ಗಾಡಿ ಓಡಿಸಿದ ಮೇಲೆ ಎದುರಿಗೆ ಬಂದದ್ದು ಸಮುದ್ರ! ಗೋವಾದ ಉತ್ತರದ ತುದಿ, ತೇರೆಖೋಲ್ ನದಿ ಕಡಲಿಗೆ ಸೇರುವ ಜಾಗ. ಕಾಕಾ ಮುಖ ನೋಡೋ ಹಾಗಿರಲಿಲ್ಲ. ಎಳನೀರು ಮಾರುವ ಹುಡುಗನನ್ನು ಕೇಳಿದರೆ ಅವನು ಬಾಗಲಕೋಟೆ ಕಡೆಯವನು. "ಯಾರ್ರೀ ಕೇಸರಬಾಯಿ? ಇಲ್ಲಿ ಆ ಹೆಸರಿನವರು ಯಾರೂ ಇಲ್ರೀ" ಅಂದ.

ಅದಕ್ಕೇ ಮೊದಲ ಮಾತು ಇದು, ಗೋವಾದಲ್ಲಿ ಕೇರಿ ಮೂರಿವೆ. ಒಂದು ಪೆಡ್ಣೆ ತಾಲೂಕಿನ ಬೀಚು, ನಾವು ಹೋಗಿ ನಿಂತದ್ದು. ಇನ್ನೊಂದು ಸತ್ತರಿ ತಾಲೂಕಿನಲ್ಲಿ, ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬರುವವರಿಗೆ ಸಿಗುತ್ತೆ. ನಿಮಗೆ ಬೇಕಾದದ್ದು ಫೋಂಡಾ ತಾಲೂಕಿನ ಕೇರಿ, ಸಾವೊಯಿ ವೆರೆಂ ಹತ್ತಿರದ್ದು. ಮಸಾಲೆ ತೋಟ ನೋಡಲು ಬಸ್ಸುಗಟ್ಟಲೆ ಜನ ಬರುವುದೂ ಅಲ್ಲಿಗೇ. ಏಲಕ್ಕಿ, ಮೆಣಸಿನ ಬಳ್ಳಿ ನೋಡಿ, ಊಟ ಮಾಡಿ ಹೋಗುತ್ತಾರೆ, ಇದು ಯಾರ ಊರು ಅಂತ ಕೇಳುವವರು ಕಡಿಮೆ.

ಮರುದಿನ ಸರಿಯಾದ ಕೇರಿಗೆ ಹೋದೆವು. ಕೇಸರಬಾಯಿ ಹುಟ್ಟಿದ್ದು 1892ರಲ್ಲಿ, ಈ ಊರಲ್ಲಿ. 1977ರ ಸೆಪ್ಟೆಂಬರ್ 5ಕ್ಕೆ ಅಮೆರಿಕದವರು ಹಾರಿಸಿದ ವಾಯೇಜರ್ 1 ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ ಲೋಕದ ಎಲ್ಲ ಕಡೆಯ ಸಂಗೀತ ಇಟ್ಟರಲ್ಲ, ಅದರಲ್ಲಿ ಭಾರತದ್ದು ಅಂತ ಇರೋದು ಇವರ ಭೈರವಿ ಒಂದೇ, ಮೂರೂವರೆ ನಿಮಿಷದ್ದು. ನೌಕೆ ಹೊರಟ ಹನ್ನೊಂದನೇ ದಿನ ಕೇಸರಬಾಯಿ ತೀರಿಕೊಂಡರು. ಊರಲ್ಲಿ ಅವರ ಹೆಸರಿನದೊಂದು ಹೈಸ್ಕೂಲ್ ಇದೆ, ಹೆಸರಿನ ಹಿಂದೆ 'ಸುರಶ್ರೀ' ಅಂತ ಅವರಿಗೆ ಸಿಕ್ಕ ಬಿರುದೂ ಇದೆ. ಮೇ ತಿಂಗಳಾದ್ದರಿಂದ ಶಾಲೆಗೆ ರಜೆ, ಗೇಟಿಗೆ ಬೀಗ. ಕಾಕಾ ಚಪ್ಪಲಿ ಬಿಟ್ಟು ಗೇಟಿನ ಹೊರಗೇ ನಿಂತರು, ಮೊಬೈಲಿನಲ್ಲಿ ಆ ಭೈರವಿ ಹಚ್ಚಿದರು. ಬಿಸಿಲಿಗೆ ಡಾಂಬರು ಕಾದಿತ್ತು, ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದರು, ಆದರೂ ಹಾಡು ಮುಗಿಯುವ ತನಕ ಚಪ್ಪಲಿ ಮೆಟ್ಟಲಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ನೋಡಿ, ಏನೂ ಕೇಳದೆ ಎರಡು ಲೋಟ ಕೋಕಂ ನೀರು ತಂದುಕೊಟ್ಟರು. ನೀವು ಹೋಗುವುದಾದರೆ ಶಾಲೆ ನಡೆಯುವ ದಿನ ಹೋಗಿ, ಒಳಗೆ ಕೇಳಿ ನೋಡಬಹುದು.

ಮಂಗೇಶಿ ಬಗ್ಗೆ ಜಾಸ್ತಿ ಹೇಳಲ್ಲ, ಪಣಜಿಯಿಂದ ಫೋಂಡಾಕ್ಕೆ ಹೋಗುವ ದಾರಿಯಲ್ಲೇ ಇದೆ, ಎಲ್ಲರಿಗೂ ಗೊತ್ತು. ಏಳು ಅಂತಸ್ತಿನ ದೀಪಸ್ತಂಭ ಚೆನ್ನಾಗಿದೆ. ಚಡ್ಡಿ ಹಾಕಿ ಹೋಗಬೇಡಿ. ಲತಾ, ಆಶಾ ಅವರ ಅಪ್ಪ ದೀನಾನಾಥರು 1900ರಲ್ಲಿ ಹುಟ್ಟಿದ್ದು ಇಲ್ಲೇ. ಅವರ ತಾಯಿ ಯೇಸೂಬಾಯಿ ದೇವಸ್ಥಾನದ ಸೇವೆಗೆ ಸೇರಿದ, ದೇವದಾಸಿ ಪದ್ಧತಿಯ ಕಲಾವಂತ ಮನೆತನದವರು. ಕೇಸರಬಾಯಿ, ಮೋಗೂಬಾಯಿ ಬಂದದ್ದೂ ಅಂಥ ಮನೆಗಳಿಂದಲೇ. ಆ ಹೆಂಗಸರಿಗೆ ಊರು ಕೊಟ್ಟ ಮರ್ಯಾದೆ ಎಷ್ಟು ಅಂತ ಎಲ್ಲರಿಗೂ ಗೊತ್ತು, ಆದರೆ ಈಗ ಊರಿಗೆ ಹೆಸರು ತಂದದ್ದು ಅವರ ಮಕ್ಕಳೇ. ಕಾಕಾ ಇದನ್ನು ದೇವಸ್ಥಾನದ ಅಂಗಳದಲ್ಲೇ ಗಟ್ಟಿಯಾಗಿ ಹೇಳಿದರು, ನಾನು ಸುಮ್ನೆ ಅವರನ್ನು ಹೊರಗೆ ಕರೆದುಕೊಂಡು ಬಂದೆ.

ಮೂರನೇ ಊರು ಕುರ್ಡಿ. ಇದಕ್ಕೆ ಬೇಕಾದಾಗ ಹೋಗೋಕೆ ಆಗಲ್ಲ, ಯಾಕಂದ್ರೆ ಊರು ನೀರಿನಲ್ಲಿದೆ. ಸಾಳಾವಲಿ ಅಣೆಕಟ್ಟು ಕಟ್ಟಿದಾಗ ಜನರನ್ನು ಬೇರೆ ಕಡೆ ಎಬ್ಬಿಸಿದರು, ಊರು ಮುಳುಗಿತು. ಪ್ರತಿ ಬೇಸಿಗೆ ನೀರು ಇಳಿದಾಗ ಮೇ ತಿಂಗಳಲ್ಲಿ ಮೇಲೆ ಬರುತ್ತೆ, ಮಳೆ ಹಿಡಿದರೆ ಮತ್ತೆ ಒಳಗೆ. ಹಳೇ ಊರಿನವರು ಆಗ ಸೋಮೇಶ್ವರನ ಗುಡಿಗೆ ಬಂದು ಹಬ್ಬ ಮಾಡುತ್ತಾರೆ.

ಸಾಂಗೆಯಿಂದ ಹೋಗಬೇಕು, ಕೊನೆಯ ದಾರಿ ಮಣ್ಣಿನದು. ಸ್ವಂತ ಗಾಡಿ ಇಲ್ಲದಿದ್ದರೆ ಸಾಂಗೆಯಲ್ಲೇ ರಿಕ್ಷಾ ಮಾತಾಡಿ, ವಾಪಸ್ ಬರುವ ತನಕ ಕಾಯಲು ಹೇಳಿ. ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರಿ. ನೆರಳಿಲ್ಲ, ಅಂಗಡಿ ಇಲ್ಲ, ಟೋಪಿ ನೀರು ನೀವೇ ಒಯ್ಯಬೇಕು. ಬಿರುಕು ಬಿಟ್ಟ ಕೆಸರು ನೋಡಲು ಗಟ್ಟಿ, ಕಾಲಿಟ್ಟರೆ ಒಳಗೆ ಮೆತ್ತಗೆ, ನನ್ನ ಒಂದು ಶೂ ಅಲ್ಲೇ ಉಳಿಯಿತು. ಮನೆಗಳ ಬುಡ, ಬೋಳು ತೆಂಗಿನ ಬೊಡ್ಡೆ, ಬಾವಿಯ ಕಟ್ಟೆ ಕಾಣುತ್ತವೆ. ಹಬ್ಬದ ತಯಾರಿಗೆ ಬಂದಿದ್ದ ಒಬ್ಬರು ಕೆಂಪು ಕಲ್ಲಿನ ಒಂದು ಗೋಡೆ ತೋರಿಸಿ ಇದೇ ಮೋಗೂಬಾಯಿ ಮನೆ ಅಂದರು. ಮೊಣಕಾಲೆತ್ತರ ಇತ್ತು. 1904ರಲ್ಲಿ ಹುಟ್ಟಿದ ಮೋಗೂಬಾಯಿ, ಗಾಯಕಿ ಕಿಶೋರಿ ಅಮೋಣಕರ್ ಅವರ ತಾಯಿ ಮತ್ತು ಗುರು. ಕಾಕಾ ಅಲ್ಲಿ ಹಾಡು ಹಚ್ಚಲಿಲ್ಲ. ಗೋಡೆ ಮೇಲೆ ಕೂತು, "ಇಷ್ಟೆಲ್ಲ ನೀರು ಎಲ್ಲಿಗೆ ಹೋಗತೈತಿ?" ಅಂತ ಕೇಳಿದರು.

"ದಕ್ಷಿಣ ಗೋವಾಕ್ಕೆಲ್ಲ. ವಾಸ್ಕೋಕ್ಕೂ. ನಮ್ಮ ಮನೆ ನಲ್ಲಿಗೆ ಬರೋದೂ ಇದೇ ನೀರು ಕಾಕಾ."

ಅವರು ಏನೂ ಅನ್ನಲಿಲ್ಲ. ಮರುದಿನ ರೈಲಿಗೆ ಹೊರಡುವಾಗ ಅಂಗಡಿ ನೀರು ಕೊಡಿಸಲು ಹೋದರೆ ಬೇಡ ಅಂದರು. ಅಡುಗೆ ಮನೆಗೆ ಹೋಗಿ, ನಲ್ಲಿ ಬಿಟ್ಟು, ಎರಡು ಬಾಟಲಿ ತುಂಬಿಸಿಕೊಂಡು ಬಂದರು.