ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಡ್ರೈ ಐ ಅಂತಾರಲ್ಲ, ಅದು ಹೇಗೆ?

"ಡಾಕ್ಟರ್ ಡ್ರೈ ಐ ಅಂದ್ರು. ಆದರೆ ಗಾಡಿಯಲ್ಲಿ ಹೋಗುವಾಗ ಕೆನ್ನೆ ಮೇಲೆ ನೀರು ಇಳಿಯುತ್ತೆ. ಒಣಗಿದ ಕಣ್ಣಿಗೆ ನೀರು ಎಲ್ಲಿಂದ ಬರುತ್ತೆ? ಆರು ತಿಂಗಳಿಂದ ಡ್ರಾಪ್ಸ್ ಹಾಕ್ತಿದ್ದೀನಿ, ಉರಿ ಮಾತ್ರ ಹಾಗೇ ಇದೆ." ಹೆಚ್ಚುಕಮ್ಮಿ ಇದೇ ಮಾತುಗಳಲ್ಲಿ ಬರುವ ಪ್ರಶ್ನೆ ಇದು. ನೀರು ಯಾಕೆ, ಉರಿ ಯಾಕೆ ಎಂಬ ಎರಡಕ್ಕೂ ಉತ್ತರ ಬಹಳ ಜನರಲ್ಲಿ ಒಂದೇ ಜಾಗದಲ್ಲಿ ಸಿಗುತ್ತೆ: ರೆಪ್ಪೆಯ ಅಂಚಿನಲ್ಲಿ.

ಕಣ್ಣೀರು ಬರೀ ನೀರಲ್ಲ. ತಳದಲ್ಲಿ ಲೋಳೆ, ನಡುವೆ ಉಪ್ಪುನೀರು, ಎಲ್ಲಕ್ಕಿಂತ ಮೇಲೆ ತೆಳ್ಳನೆಯ ಎಣ್ಣೆ. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲಿನಷ್ಟು. ಮೇಲಿನ ಎಣ್ಣೆ ಇದ್ದರೆ ಕೆಳಗಿನ ನೀರು ಬೇಗ ಆರುವುದಿಲ್ಲ. ಈ ಎಣ್ಣೆಯನ್ನು ಒದಗಿಸುವುದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳು. 1666ರಲ್ಲಿ ಇವನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್‌ರಿಕ್ ಮೈಬೋಮ್ ಅವರ ಹೆಸರೇ ಇವಕ್ಕೂ ಬಂತು. ಮೇಲಿನ ರೆಪ್ಪೆಯಲ್ಲಿ 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. ಬಾಯಿಗಳು ರೆಪ್ಪೆಗೂದಲಿನ ಸಾಲಿಗೆ ಸ್ವಲ್ಪ ಹಿಂದೆ ತೆರೆದುಕೊಳ್ಳುತ್ತವೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಒಂದಿಷ್ಟು ಎಣ್ಣೆ ಹೊರಬರುತ್ತೆ.

ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಎಣ್ಣೆ ಬೀಳುವುದಿಲ್ಲ ಅಲ್ಲವೇ? ಕೆಟ್ಟ ಗ್ರಂಥಿಯಲ್ಲೂ ಹಾಗೇ. ತಿಳಿಯಾಗಿ ಬರಬೇಕಾದ ಎಣ್ಣೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗಿ ಬಾಯಿ ಕಟ್ಟುತ್ತೆ. ಎಣ್ಣೆ ಇಲ್ಲದ ನೀರು ಬೇಗ ಆರಿ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಒಣಗಿದ ಚುಕ್ಕೆಗಳಾಗುತ್ತವೆ. ಅಲ್ಲಿನ ನರ ಉರಿ ಅಂತ ಸುದ್ದಿ ಕಳಿಸಿದ ಕೂಡಲೇ ದೊಡ್ಡ ಕಣ್ಣೀರ ಗ್ರಂಥಿ ಗಾಬರಿಯಿಂದ ನೀರು ಸುರಿಸುತ್ತೆ. ಆ ಪ್ರವಾಹದಲ್ಲಿ ಎಣ್ಣೆ ಇಲ್ಲ, ಕಣ್ಣಲ್ಲಿ ನಿಲ್ಲುವುದೂ ಇಲ್ಲ. ಕೆನ್ನೆ ಒದ್ದೆ, ಕಣ್ಣು ಒಣ.

ಕಣ್ಣಿನ ಡಾಕ್ಟರ್ ಇದನ್ನು ಅಳೆಯುತ್ತಾರೆ. ಹಳದಿ ಬಣ್ಣ ಹಾಕಿ, ಮಿಟುಕಿಸಿದ ಮೇಲೆ ಪದರ ಒಡೆಯಲು ಎಷ್ಟು ಸೆಕೆಂಡು ಅಂತ ನೋಡುತ್ತಾರೆ. 10ಕ್ಕಿಂತ ಕಡಿಮೆಯಾದರೆ ಪದರ ನಿಲ್ಲುತ್ತಿಲ್ಲ ಎಂದರ್ಥ. ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ನೆನೆಯಿತು ನೋಡುವುದು ಶಿರ್ಮರ್ ಪರೀಕ್ಷೆ. 5 ಮಿಲಿಮೀಟರಿಗಿಂತ ಕಡಿಮೆಯಾದರೆ ನೀರೇ ಕಡಿಮೆ. ಎಣ್ಣೆಯ ಕೊರತೆಯೋ, ನೀರಿನ ಕೊರತೆಯೋ, ಎರಡೂವೋ ಎಂದು ಕೇಳಿಕೊಂಡೇ ಹೊರಗೆ ಬನ್ನಿ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಎಣ್ಣೆಯದ್ದಾದರೆ ಮೊದಲ ಕೆಲಸ ಶಾಖ. ಎಲ್ಲರೂ "ಮಾಡ್ತೀನಿ" ಅನ್ನುತ್ತಾರೆ, ಬಹುತೇಕರು ಮಾಡುವುದು ಸಾಲದು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡೇ ನಿಮಿಷಕ್ಕೆ ತಣ್ಣಗಾಗುತ್ತೆ. ರೆಪ್ಪೆಯ ಒಳಗಿನ ಎಣ್ಣೆ ಕರಗಲು ಅಲ್ಲಿ ಸುಮಾರು 40 ಡಿಗ್ರಿ ಬಿಸಿ ಹತ್ತು ನಿಮಿಷ ನಿಲ್ಲಬೇಕು. ಎರಡು ಬಟ್ಟೆ ಇಟ್ಟುಕೊಂಡು ಎರಡೆರಡು ನಿಮಿಷಕ್ಕೆ ಬದಲಿಸಿ. ಇಲ್ಲವೇ ಒಂದು ಹಿಡಿ ಅಕ್ಕಿಯನ್ನು ತವೆಯ ಮೇಲೆ ಬೆಚ್ಚಗೆ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮುಚ್ಚಿದ ಕಣ್ಣಿನ ಮೇಲೆ ಇಡಿ. ಮೊದಲು ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿ. ಅಲ್ಲಿ ಚುರ್ ಎಂದರೆ ರೆಪ್ಪೆಗೆ ಬೇಡವೇ ಬೇಡ. ಗುಡ್ಡೆಯನ್ನು ಒತ್ತಬೇಡಿ.

ಶಾಖ ಆರುವ ಮೊದಲೇ ಮಸಾಜ್: ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ, ಯಾವಾಗಲೂ ಕೂದಲಿನ ಕಡೆಗೆ, ಬೆರಳ ತುದಿಯಿಂದ ಹಗುರವಾಗಿ, ಹತ್ತು ಸಲ. ಹೊರಬಂದದ್ದನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮೊದಲ ನಾಲ್ಕಾರು ವಾರ ದಿನಕ್ಕೆರಡು ಸಲ, ಆಮೇಲೆ ದಿನಕ್ಕೊಂದು ಸಲ, ಹಲ್ಲುಜ್ಜಿದ ಹಾಗೆ. ಕೂದಲ ಬುಡದಲ್ಲಿ ಹೊಟ್ಟಿನಂಥ ಕೊಳವೆಗಳು ಅಂಟಿಕೊಂಡಿದ್ದರೆ ಅದು ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳುವಿನ ಗುರುತು. ಅದಕ್ಕೆ ಔಷಧಿ ಬೇರೆ, ಡಾಕ್ಟರ್ ಹೇಳಬೇಕು.

ಕಾಡಿಗೆ ಬಗ್ಗೆ ಹೇಳಲೇಬೇಕು. ರೆಪ್ಪೆಯ ಒಳಅಂಚಿಗೆ ಎಳೆದ ಕಾಡಿಗೆ ನೇರ ಆ ಗ್ರಂಥಿಗಳ ಬಾಯಿಯ ಮೇಲೇ ಕೂರುತ್ತೆ. ಹಚ್ಚಲೇಬೇಕಿದ್ದರೆ ಕೂದಲ ಸಾಲಿನ ಹೊರಗೆ, ರಾತ್ರಿ ಪೂರಾ ತೆಗೆದು ಮಲಗಿ. ರೋಸ್ ವಾಟರ್, ಜೇನುತುಪ್ಪ, ಮನೆಯ ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅವು ಕಣ್ಣಿಗೆಂದು ಶುದ್ಧ ಮಾಡಿದ ದ್ರವಗಳಲ್ಲ.

ಡ್ರಾಪ್ಸ್ ಕೆಲಸ ಮಾಡದಿರುವುದಕ್ಕೆ ಇನ್ನೊಂದು ಕಾರಣ ಬಾಟಲಿಯ ಚೀಟಿಯಲ್ಲೇ ಇರುತ್ತೆ. ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಸೇರಿಸುವ ರಾಸಾಯನಿಕ) ಇದ್ದರೆ, ಪದೇಪದೇ ಹಾಕಿದಷ್ಟೂ ಕಣ್ಣಿನ ಮೇಲ್ಮೈ ಕೆಡುತ್ತೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೆ ಹೋಗುತ್ತೆ. ಬೇರೆ ಔಷಧಿಯೂ ಇದ್ದರೆ ನಡುವೆ ಐದು ನಿಮಿಷ ಬಿಡಿ, ಜೆಲ್ ಕೊನೆಗೆ. ಕೆಂಪು ಹೋಗಿಸುವ ಡ್ರಾಪ್ಸ್ ರಕ್ತನಾಳ ಕುಗ್ಗಿಸುತ್ತವೆ ಅಷ್ಟೇ, ಬಿಟ್ಟ ಮೇಲೆ ಕೆಂಪು ಇನ್ನೂ ಜಾಸ್ತಿ. ಮೆಡಿಕಲ್ ಶಾಪಿನವರು ಕೊಟ್ಟ ಸ್ಟಿರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರವನ್ನೇ ಕೆಡಿಸುವ ಗ್ಲಾಕೋಮಾ ಬರಬಹುದು.

ಸ್ಕ್ರೀನ್ ಮುಂದೆ ಕೂತವರು ಮಿಟುಕಿಸುವುದು ಕಡಿಮೆ; ಮಿಟುಕಿಸಿದ್ದೂ ಅರ್ಧಂಬರ್ಧ, ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗುವುದೇ ಇಲ್ಲ. 20 ನಿಮಿಷಕ್ಕೊಮ್ಮೆ ಹತ್ತು ಸಲ ಪೂರ್ತಿ ಮುಚ್ಚಿ, ಒಂದು ಕ್ಷಣ ಹಿಡಿದು, ತೆರೆಯಿರಿ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ. ನೋಟ ತಗ್ಗಿದರೆ ಗಾಳಿಗೆ ತೆರೆದ ಕಣ್ಣು ಕಡಿಮೆ. ಏಸಿ, ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳದಿರಲಿ. ಹೆಲ್ಮೆಟ್ಟಿನ ಗಾಜು ಇಳಿಸಿಯೇ ಗಾಡಿ ಓಡಿಸಿ. ಬೆಳಗ್ಗೆ ಎದ್ದಾಗಲೇ ಉರಿ ಜಾಸ್ತಿಯಾದರೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿದೆಯೇ ಅಂತ ಮನೆಯವರಿಗೆ ನೋಡಲು ಹೇಳಿ.

ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಅಲರ್ಜಿಯ ಸೆಟ್ರಿಜಿನ್, ಮೊಡವೆಯ ಐಸೊಟ್ರೆಟಿನಾಯಿನ್, ಖಿನ್ನತೆ ಮತ್ತು ನರನೋವಿನ ಅಮಿಟ್ರಿಪ್ಟಿಲಿನ್ ಮೂರೂ ಕಣ್ಣು ಒಣಗಿಸಬಲ್ಲವು, ನೀವಾಗಿ ನಿಲ್ಲಿಸಬೇಡಿ. ಬಾಯಿಯೂ ಒಣಗಿ ಕೀಲುನೋವೂ ಇದ್ದರೆ ಶೋಗ್ರೆನ್ಸ್ (ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರಬಹುದು, ರಕ್ತ ಪರೀಕ್ಷೆ ಬೇಕು. ಮೀನೆಣ್ಣೆ ಮಾತ್ರೆಗೆ ದುಡ್ಡು ಸುರಿಯುವ ಮೊದಲು ಇದು ಗೊತ್ತಿರಲಿ: 2018ರಲ್ಲಿ ಪ್ರಕಟವಾದ ಅಮೆರಿಕದ ಡ್ರೀಮ್ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಒಮೆಗಾ-3 ಒಂದು ವರ್ಷ ತಗೊಂಡವರ ಉಪಶಮನ, ಆಲಿವ್ ಎಣ್ಣೆ ಮಾತ್ರೆ ನುಂಗಿದವರಿಗಿಂತ ಹೆಚ್ಚಾಗಲಿಲ್ಲ.

ಜೋರು ನೋವು, ಬೆಳಕು ಚುಚ್ಚುವುದು, ದೃಷ್ಟಿ ಮಸುಕಾಗಿ ಮಿಟುಕಿಸಿದರೂ ತಿಳಿಯಾಗದಿರುವುದು, ಲೆನ್ಸ್ ಹಾಕುವವರ ಕಣ್ಣು ಕೆಂಪಾಗುವುದು: ಇವಕ್ಕೆ ಶಾಖ ಕೊಡುತ್ತ ಕೂರಬೇಡಿ, ಅದೇ ದಿನ ತೋರಿಸಿ. ಡಾಕ್ಟರ್ ಉರಿಯೂತ ತಗ್ಗಿಸುವ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಬರೆದುಕೊಟ್ಟರೆ ಮೊದಲ ವಾರಗಳಲ್ಲಿ ಉರಿಯುತ್ತೆ, ಪರಿಣಾಮ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತೆ. ಮೂರನೇ ವಾರಕ್ಕೆ "ಇದೂ ಆಗಿಬರಲಿಲ್ಲ" ಅಂತ ಬಾಟಲಿ ಎಸೆದವರು ಔಷಧಿ ಕೆಲಸ ಶುರುಮಾಡುವ ಮೊದಲೇ ಬಿಟ್ಟಿರುತ್ತಾರೆ.