ಗೆದ್ದಲು ಬಿಳಿ ಇರುವೆ ತಾನೇ ಮೇಷ್ಟ್ರೇ?

ತುಮಕೂರಲ್ಲಿ ಬಯಾಲಜಿ ಪಾಠ ಮಾಡೋನು ನಾನು, ಊರು ಗುಬ್ಬಿ ಕಡೆ. ಊರಿಗೆ ಹೋದಾಗೆಲ್ಲ ತೆಂಗಿನ ಸಸಿಗೆ ಗೆದ್ದಲು ಹತ್ತಿರೋ ಮಾತು ಬಂದೇ ಬರುತ್ತೆ, ಆಗ ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ. ಅಲ್ಲ, ಅದು ಜಿರಲೆ ಜಾತಿ ಅಂದ್ರೆ ಒಂದ್ನಿಮಿಷ ಮುಖ ನೋಡಿ, "ಅದ್ ಹೆಂಗೆ ಹೇಳ್ತೀರ?" ಅಂತಾರೆ. ಎಷ್ಟು ಸಲ ಬಾಯಲ್ಲೇ ಹೇಳೋದು, ಬರೆದೇ ಬಿಡೋಣ ಅಂತ ಕೂತೆ.

ಕೇಳೋರ ತಪ್ಪೇನಿಲ್ಲ ಬಿಡಿ, ನಮ್ಮ ಗಾದೇನೇ "ಇರುವೆ ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂಗೆ" ಅನ್ನುತ್ತೆ. ಕಟ್ಟೋದು ಗೆದ್ದಲು, ಹೆಸರು ಇರುವೇದು, ವಾಸ ಹಾವಿಂದು, ತನಿ ಎರೆಯೋದು ನಾಗಪ್ಪನಿಗೆ, ಗೆದ್ದಲಿಗೆ ಮಾತ್ರ ಔಷಧಿ. ಇರುವೆ, ಗೆದ್ದಲು ಎರಡೂ ಗುಂಪಲ್ಲಿ ಇರ್ತವೆ, ಎರಡಕ್ಕೂ ರಾಣಿ ಇದೆ, ಆಳುಗಳಿಗೆ ರೆಕ್ಕೆ ಇಲ್ಲ. ಆದ್ರೆ ಹತ್ರದಿಂದ ನೋಡಿ, ಇರುವೆ ಸೊಂಟ ಸಣ್ಣ, ಮೀಸೆ ಮೊಣಕೈ ಥರ ಬಾಗಿರುತ್ತೆ, ಗೆದ್ದಲಿಗೆ ಸೊಂಟಾನೇ ಇಲ್ಲ, ಮೀಸೆ ನೆಟ್ಟಗೆ ಮಣಿ ಪೋಣಿಸಿದಂಗೆ. ಇರುವೆ ಪ್ಯೂಪಾ, ಅಂದ್ರೆ ಮರಿ ಸುಮ್ಮನೆ ಮಲಗಿ ರೂಪ ಬದಲಿಸೋ ಹಂತ ದಾಟಿ ಬರುತ್ತೆ, ಗೆದ್ದಲಿಗೆ ಆ ಹಂತಾನೇ ಇಲ್ಲ. ಹಂಗಾಗಿ ಇವೆರಡೂ ಬೇರೆ ಅಂತ ಹಳೇ ಕಾಲದ ವಿಜ್ಞಾನಿಗಳಿಗೇ ಗೊತ್ತಿತ್ತು, ಗೆದ್ದಲು ಯಾರ ಮನೇದು ಅನ್ನೋದೇ ತಕರಾರು. ನಮಗಾದ್ರೆ ಹೆಳವರು ಬಂದು ವಂಶ ಹೇಳ್ತಾರೆ, ಹುಳಕ್ಕೆ ಯಾರು ಹೇಳ್ಬೇಕು?

ಅಲ್ಲಿ ಡಿಎನ್‌ಎ ಬರೋದು. ಪೇಪರ್ ವ್ಯಾಲ್ಯುಯೇಷನ್ ಮಾಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಇಬ್ರು ಹುಡುಗ್ರು ಸರಿ ಉತ್ತರ ಬರೆದಿದ್ರೆ ನಂಗೆ ಅನುಮಾನ ಬರಲ್ಲ, ಸರಿ ಉತ್ತರ ಎಲ್ರದ್ದೂ ಒಂದೇ ಥರ ಇರುತ್ತೆ. ಆದ್ರೆ ಇಬ್ರೂ ಅದೇ ಪದ ಅದೇ ಥರ ತಪ್ಪು ಬರೆದು, ಅದೇ ಸಾಲು ಬಿಟ್ಟು, ಹೃದಯದ ಚಿತ್ರದಲ್ಲಿ ಅದೇ ಬಾಣ ಉಲ್ಟಾ ಹಾಕಿದ್ರೆ ಪಕ್ಕಪಕ್ಕ ಕೂತಿದ್ರು ಅಂತ ಲೆಕ್ಕ. ಡಿಎನ್‌ಎ ನಾಲ್ಕೇ ಅಕ್ಷರದ ಬರವಣಿಗೆ, ಅಪ್ಪ ಅಮ್ಮನಿಂದ ಮಕ್ಕಳಿಗೆ ಕಾಪಿ ಆಗ್ತಾ ಆಗ್ತಾ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತೆ, ಆ ಬದಲಾವಣೆ ಮುಂದಿನೋರಿಗೂ ಹೋಗುತ್ತೆ. ಎರಡು ಜಾತಿ ಹುಳದಲ್ಲಿ ಮಿಕ್ಕೋರಲ್ಲಿ ಇಲ್ಲದ ಅದೇ ಬದಲಾವಣೆಗಳು ಸುಮಾರಾಗಿ ಸಿಕ್ಕಿದ್ರೆ ಒಂದೇ ಮುತ್ತಜ್ಜಿ ಕೊಟ್ಟಿದ್ದು.

ಮಾಡೋ ಕೆಲಸ ನೋಡೋಕೆ ಸಪ್ಪೆ. ಹುಳದ ಒಂದು ಕಾಲು ಕಿತ್ತು ಆಲ್ಕೋಹಾಲ್‌ನಲ್ಲಿ ಇಟ್ಕೊಂಡಿದ್ರೆ ಸಾಕು, ಅದ್ರಿಂದ ಡಿಎನ್‌ಎ ತೆಗೆದು, ಬೇಕಾದ ತುಂಡನ್ನ ಪಿಸಿಆರ್ ಅನ್ನೋ ವಿಧಾನದಲ್ಲಿ ಲಕ್ಷಾಂತರ ಕಾಪಿ ಮಾಡಿ ಓದಿಸ್ತಾರೆ. ಜಾತಿ ಗುರುತಿಸೋಕೆ ಸಾಮಾನ್ಯವಾಗಿ ಮೈಟೋಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸೋ ಭಾಗ) ಸಿಒಐ ಅನ್ನೋ ಜೀನ್‌ನ ಒಂದು ತುಂಡು, ಸುಮಾರು 650 ಅಕ್ಷರ. ನಾನು ಎಂಎಸ್ಸಿಲಿ ಮೊದಲ ಸಲ ಮಾಡಿದಾಗ ರಿಸಲ್ಟ್ ಮನುಷ್ಯ ಅಂತ ಬಂತು! ಗ್ಲೌಸ್ ಹಾಕದೆ ಮುಟ್ಟಿದ್ದೆ, ನನ್ನದೇ ಡಿಎನ್‌ಎ ಸೇರ್ಕೊಂಡಿತ್ತು, ಲ್ಯಾಬ್‌ನಲ್ಲಿ ವಾರಗಟ್ಟಲೆ ನನ್ನ ಹೆಸರು ಹುಳ.

ಆದ್ರೆ ಹಳೇ ಸಂಬಂಧಕ್ಕೆ ಈ ಒಂದು ಜೀನ್ ಸಾಲಲ್ಲ. ಅದು ಬೇಗ ಬದಲಾಗೋ ಜೀನು, ಬೋರ್ಡ್ ಮೇಲೆ ಬರೆದು ಅಳಿಸಿ ಮತ್ತೆ ಅಲ್ಲೇ ಬರೆದಂಗೆ, ಮೊದಲು ಏನಿತ್ತು ಅಂತ ಗೊತ್ತಾಗಲ್ಲ, ಅದಕ್ಕೆ ನಿಧಾನವಾಗಿ ಬದಲಾಗೋ ಜೀನ್‌ಗಳನ್ನೂ ಸೇರಿಸ್ಬೇಕು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನೋರು ಜಿರಲೆ, ಗೆದ್ದಲು, ಸೂರ್ಯನ ಕುದುರೆ ಎಲ್ಲ ಸೇರಿ 100ಕ್ಕೂ ಹೆಚ್ಚು ಜಾತಿಗಳ ಹಲವು ಜೀನ್ ಹೋಲಿಸಿದ್ರು. ಗೆದ್ದಲು ಜಿರಲೆ ಪಕ್ಕದಲ್ಲಲ್ಲ, ಜಿರಲೆ ಕುಟುಂಬದ ಒಳಗೇ ಬಂದು ಕೂತಿತ್ತು. ಅದರ ಹತ್ತಿರದ ನೆಂಟ ಕ್ರಿಪ್ಟೋಸರ್ಕಸ್, ಉತ್ತರ ಅಮೆರಿಕ, ಪೂರ್ವ ಏಷ್ಯಾ ಕಡೆ ಕೊಳೆತ ಮರ ತಿನ್ಕೊಂಡು ಮಕ್ಕಳ ಜೊತೆ ಸಂಸಾರ ಮಾಡೋ ಜಿರಲೆ. ಸೂರ್ಯನ ಕುದುರೆ ಇವರೆಲ್ಲರ ದಾಯಾದಿ.

ನಿಜ ಹೇಳ್ಬೇಕಂದ್ರೆ ಅನುಮಾನ ಮೊದಲೇ ಇತ್ತು, ಆ ಜಿರಲೆ ಹೊಟ್ಟೇಲಿ ಮರ ಜೀರ್ಣ ಮಾಡೋ ಏಕಕೋಶ ಜೀವಿಗಳು ಕೆಲವು ಗೆದ್ದಲುಗಳಲ್ಲಿ ಇರೋವಂಥವೇ. ನಂಗೆ ಖುಷಿ ಕೊಡೋದು ಏನಂದ್ರೆ, ನಮ್ಮ ತೋಟದಲ್ಲಿ ಹುತ್ತ ಕಟ್ಟೋ ಒಡಾಂಟೋಟರ್ಮಿಸ್ ಗೆದ್ದಲಿನ ಹೊಟ್ಟೇಲಿ ಆ ಜೀವಿಗಳೇ ಇಲ್ಲ, ಅದು ಹುತ್ತದೊಳಗೆ ಬೂಷ್ಟು ಬೆಳೆಸಿ ತಿನ್ನುತ್ತೆ, ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಏಳೋ ಅಣಬೆ ಅದರದ್ದೇ. ಅಂದ್ರೆ ಗುಬ್ಬಿ ಗೆದ್ದಲಿನ ಹೊಟ್ಟೆ ಮಾತ್ರ ಸೀಳಿ ನೋಡಿದ್ರೆ ಆ ಸುಳಿವು ಸಿಗ್ತಿರ್ಲಿಲ್ಲ, ಡಿಎನ್‌ಎಲಿ ನೆಂಟಸ್ತನ ಅಳಿಸದೆ ಉಳಿದಿದೆ.

ಇರುವೆ ಯಾರ ಕಡೆ ಅಂದ್ರೆ ಕಣಜ, ಜೇನು ಕಡೆ. ಇರುವೆ, ಗೆದ್ದಲು ಎರಡೂ ಬೇರೆಬೇರೆಯಾಗಿ ಗುಂಪು ಜೀವನ ಕಲಿತು ಒಂದೇ ಥರ ಕಾಣ್ತವೆ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ಹೋದ ತಿಂಗಳು ಪಕ್ಕದ ತೋಟದ ಅಣ್ಣ ಕೇಳಿದ್ದು, "ಹಂಗಾದ್ರೆ ಜಿರಲೆ ಸ್ಪ್ರೇ ಹೊಡೆದ್ರೆ ಆಗುತ್ತಾ?" ಮೇಲೆ ಓಡಾಡೋವು ಸಾಯ್ತವೆ ಅಣ್ಣ, ರಾಣಿ ಒಳಗೆ ಮೊಟ್ಟೆ ಇಡ್ತಾನೇ ಇರ್ತಾಳೆ ಅಂದೆ. "ಅಂಗಾದ್ರೆ ನೀನು ಓದಿದ್ದೇನು ಉಪಯೋಗಕ್ಕೆ ಬಂತೋ?" ಅಂದು ಬೀಡಿ ಹಚ್ಚಿದ.