ಗ್ರಾಫ್ ಹಾಳೆಯಲ್ಲಿ ಇಲ್ಲದ ದಾರಿ

ರವಿವಾರ, 7 ಜನವರಿ 2024
ನವನಗರ, ಬಾಗಲಕೋಟೆ

ಅಕ್ಕನ ಮಗಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂತು. ಹಸಿರು ಒಡಲು, ಕೆಂಪು ತೆನಿ ಸೆರಗಿನ ಇಳಕಲ್ ಸೀರೆ ತಂದು ಕಸೂತಿ ಹಾಕುತ್ತಿದ್ದೇನೆ. ಇಂದು ಬೆಳಿಗ್ಗೆ ಸೆರಗಿನ ಹತ್ತಿರದ ತೊಟ್ಟಿಲು ಮುಗಿಯಿತು. ಗವಂತಿ ಹೊಲಿಗೆಯಲ್ಲಿ ಹೊರಗೆರೆ ಎಳೆದು ಅಲ್ಲಿಗೇ ನಿಲ್ಲಿಸುವುದು ನನ್ನ ರೂಢಿ. ತೊಟ್ಟಿಲೆಂದರೆ ನಾಲ್ಕು ಗೆರೆ, ಮೇಲೆ ಹಗ್ಗ, ಹಗ್ಗದ ತುದಿಗೊಂದು ಗಿಳಿ. ಇವತ್ತು ಸೂಜಿ ನಿಲ್ಲಲಿಲ್ಲ. ಹೊರಗೆರೆ ಮುಗಿಯುತ್ತಿದ್ದಂತೆ ಕೆಂಪು ರೇಷ್ಮೆ ಎಳೆ ಪೋಣಿಸಿಕೊಂಡು ಒಳಗೆಲ್ಲ ನೇಗಿ ಹೊಲಿಗೆ ತುಂಬುತ್ತಾ ಹೋದೆ. ಯಾಕೆಂದು ಕೇಳಿದ್ದರೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ತುಂಬಬೇಕು ಅನಿಸಿತು, ತುಂಬಿದೆ.

ಮಧ್ಯಾಹ್ನ ಅಕ್ಕ ಬಂದಳು. ಸೀರೆ ಬಿಡಿಸಿ ನೋಡಿ, "ಛಲೋ ಮಾಡಿದಿ ತಂಗಿ, ತೊಟ್ಟಿಲಾ ಖಾಲಿ ಬಿಡಲಿಲ್ಲ" ಅಂದಳು.

ಆಗ ನೆನಪಾಯಿತು. ನಮ್ಮ ದೊಡ್ಡವ್ವ ಮನೆಯಲ್ಲಿ ಯಾರಿಗೂ ಬರಿ ತೊಟ್ಟಿಲು ತೂಗಲು ಬಿಡುತ್ತಿರಲಿಲ್ಲ. ಆಟಕ್ಕೆಂದು ನಾವು ಕೈ ಹಚ್ಚಿದರೂ ಬೈಯುತ್ತಿದ್ದಳು. ಕೂಸು ಇಲ್ಲದಿದ್ದಾಗ ಅದರಲ್ಲಿ ಒಂದು ಮಡಚಿದ ಕೌದಿಯಾದರೂ ಇರಬೇಕಿತ್ತು. ಆ ಮಾತನ್ನು ನಾನು ಎಷ್ಟೋ ವರ್ಷಗಳಿಂದ ನೆನೆಸಿಕೊಂಡವಳಲ್ಲ, ಅದನ್ನು ನಂಬುತ್ತೇನೆಂದು ಹೇಳಿಕೊಂಡವಳೂ ಅಲ್ಲ. ಬೇರೆಯವರ ಸೀರೆಗೆ ಎಷ್ಟೋ ಬಾರಿ ತೊಟ್ಟಿಲು ಹಾಕಿದ್ದೇನೆ, ಎಲ್ಲವೂ ಬರಿ ಹೊರಗೆರೆಯವೇ. ಈ ಸೀರೆ ಉಡುವವಳು ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ. ದೊಡ್ಡವ್ವನ ಮಾತು ತಲೆಗೆ ಬರುವ ಮೊದಲೇ ಕೈಗೆ ಬಂದಿತ್ತು.

ರವಿವಾರಕ್ಕೊಮ್ಮೆ ಗುಳೇದಗುಡ್ಡದಿಂದ ಕಲಿಯಲು ಬರುವ ಹುಡುಗಿಯೂ ಅಲ್ಲೇ ಕೂತಿದ್ದಳು. ಅವಳ ಮಡಿಲಲ್ಲಿ ಕಸೂತಿ ಚಿತ್ತಾರಗಳ ಗ್ರಾಫ್ ಹಾಳೆಯ ಪುಸ್ತಕ. "ಅಕ್ಕಾರ, ಪುಸ್ತಕದಾಗ ಹಿಂಗಿಲ್ಲಲ್ಲರಿ. ಇಲ್ಲಿ ತುಂಬಬೇಕಂತ ನಿಮಗ ಹೆಂಗ ಗೊತ್ತಾತು?" ಅಂದಳು. ಅಕ್ಕ ನಕ್ಕು ಚಹಾ ಮಾಡಲು ಎದ್ದಳು. ನಾನು ಸಂಜೆವರೆಗೂ ಅದನ್ನೇ ಯೋಚಿಸುತ್ತಾ ಕೂತೆ. ಇಲ್ಲಿ ಬರೆಯುತ್ತಿರುವುದೂ ಅದಕ್ಕೇ.

ಕಸೂತಿಯನ್ನು ಹೊರಗಿನಿಂದ ನೋಡಿದವರಿಗೆ ಇದು ಲೆಕ್ಕದ ಕೆಲಸ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ತಾರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಲ್ಲೇ ಎಣಿಸಬೇಕು, ಅಷ್ಟೇ ಎಳೆ ಬಿಟ್ಟು ಅಷ್ಟೇ ಎಳೆ ಎತ್ತಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ನಾಲ್ಕೇ ಬಗೆಯ ಹೊಲಿಗೆ: ಗೆರೆ ಎಳೆಯುವ ಗವಂತಿ, ಮೆಟ್ಟಿಲಿನ ಹಾಗೆ ಏರಿಳಿಯುವ ಮುರಗಿ, ನೇಯ್ದ ಹಾಗೆ ಕಾಣುವ ನೇಗಿ, ಕತ್ತರಿಗೀಟಿನ ಮೆಂತೆ. ಇದರಲ್ಲಿ ಮನಸ್ಸಿಗೆ ತೋಚಿದ್ದು ಮಾಡಲು ಜಾಗ ಎಲ್ಲಿದೆ ಎಂದು ಯಾರಿಗಾದರೂ ಅನಿಸಬಹುದು.

ಜಾಗ ಇದೆ, ಗವಂತಿಯಲ್ಲೇ ಇದೆ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಹಾಗೆ ತುಂಬಿದಾಗಲೇ ಬಟ್ಟೆಯ ಎರಡೂ ಮಗ್ಗಲು ಒಂದೇ ಆಗಿ ಕಾಣುವುದು. ಬರಿ ನೇರ ಗೆರೆಯಾದರೆ ಏನೂ ತೊಂದರೆ ಇಲ್ಲ. ಆದರೆ ಗೋಪುರದ ಚಿತ್ತಾರಕ್ಕೆ ಕವಲುಗಳಿರುತ್ತವೆ, ನವಿಲಿಗೆ ಜುಟ್ಟಿರುತ್ತದೆ, ಆನೆ ಅಂಬಾರಿಯಲ್ಲಿ ಗೆರೆಯೊಳಗೆ ಗೆರೆ. ಪ್ರತಿ ಕವಲಿನಲ್ಲೂ ಸೂಜಿ ಕೇಳುತ್ತದೆ: ಈ ಕೊಂಬೆಗೆ ಹೋಗಿ ಬಂದು ಮುಂದೆ ನಡೆಯಲೇ, ಅಥವಾ ಇದನ್ನು ಮರಳುವ ದಾರಿಗೆ ಉಳಿಸಲೇ? ಇದು ತಪ್ಪಿದರೆ ದಾರ ಹಿಂಬದಿಯಲ್ಲಿ ಅಡ್ಡ ಹಾರಬೇಕಾಗುತ್ತದೆ, ಹಾರಿದ್ದು ಕಂಡೇ ಕಾಣುತ್ತದೆ. ಗ್ರಾಫ್ ಹಾಳೆ ಚಿತ್ತಾರ ಹೇಗಿದೆ ಎಂಬುದನ್ನು ಹೇಳುತ್ತದೆ. ಎಲ್ಲಿಂದ ಹೊರಡಬೇಕು, ಯಾವ ಕವಲು ಮೊದಲು, ಎಲ್ಲಿ ಹೊರಳಬೇಕು ಎಂಬುದನ್ನು ಹೇಳುವುದಿಲ್ಲ. ಒಂದೇ ಗೋಪುರಕ್ಕೆ ಅಕ್ಕನ ದಾರಿ ಬೇರೆ, ನನ್ನದು ಬೇರೆ, ಆದರೆ ಇಬ್ಬರ ಸೂಜಿಯೂ ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ನಮ್ಮ ದೊಡ್ಡವ್ವ ಯಾರ ಕಸೂತಿ ಕೈಗೆ ಬಂದರೂ ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದಳು. ಅದರಲ್ಲಿ ಅವಳಿಗೆ ಹೊಲಿದವಳ ಸ್ವಭಾವವೇ ಕಾಣುತ್ತಿತ್ತಂತೆ. ಅವಸರದವಳು, ಅಂಜುಬುರುಕಿ, ನಂಬಿಗಸ್ತೆ ಎಂದು ಒಂದೊಂದು ಹೆಸರು ಇಡುತ್ತಿದ್ದಳು.

ಈ ದಾರಿ ಹೊಳೆಯುವುದು ಹೇಗೆ? ಎಣಿಸಿ ಎಣಿಸಿಯೇ. ಕಲೆ ಎಲ್ಲಿಂದಲೋ ಒಳಗೆ ಇಳಿದು ಬರುತ್ತದೆ, ಅಭ್ಯಾಸ ಅದನ್ನು ಕೆಡಿಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಮೇಲೆ ಒಂದೇ ತುಳಸಿ ಕಟ್ಟೆಯನ್ನು ಬೇಸರ ಬರುವಷ್ಟು ಹಾಕಿದ ಮೇಲೆ, ಕಣ್ಣು ಎಳೆಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು ಗುಂಪಾಗಿ ನೋಡತೊಡಗುತ್ತದೆ. ಲೆಕ್ಕ ಎಲ್ಲಿಗೂ ಹೋಗಿರುವುದಿಲ್ಲ, ಬಾಯಿಯಿಂದ ಬೆರಳಿಗೆ ಇಳಿದಿರುತ್ತದೆ. ಆಮೇಲೆ ಮನಸ್ಸಿಗೆ ಬಿಡುವು ಸಿಗುತ್ತದೆ, ತೊಟ್ಟಿಲು ಖಾಲಿ ಇದೆ ಎಂಬುದು ಆ ಬಿಡುವಿನಲ್ಲೇ ಕಾಣುವುದು.

ಹೋದ ತಿಂಗಳು ಈ ಹುಡುಗಿಯನ್ನು ಕರೆದುಕೊಂಡು ಪಟ್ಟದಕಲ್ಲಿಗೆ ಹೋಗಿದ್ದೆ. ಗೋಪುರದ ಚಿತ್ತಾರ ಕಲಿಯುವವರು ಒಮ್ಮೆ ಕಲ್ಲಿನ ಗೋಪುರದ ಎದುರು ನಿಲ್ಲಬೇಕೆಂಬುದು ನನ್ನ ಹಟ. ಅಲ್ಲಿ ವಿರೂಪಾಕ್ಷ, ಮಲ್ಲಿಕಾರ್ಜುನ ದೇವಾಲಯಗಳು ಅಕ್ಕಪಕ್ಕದಲ್ಲಿವೆ. ಚಾಲುಕ್ಯ ಅರಸ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ವಿರೂಪಾಕ್ಷವನ್ನು ಕಟ್ಟಿಸಿದಳು, ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಮಲ್ಲಿಕಾರ್ಜುನವನ್ನು. ಯೋಜನೆ ಹೆಚ್ಚುಕಡಿಮೆ ಒಂದೇ, ಕಲ್ಲೂ ಅದೇ ಮರಳುಗಲ್ಲು. ಆದರೆ ತಂಗಿಯ ಗುಡಿ ಸ್ವಲ್ಪ ಚಿಕ್ಕದು. ಅಕ್ಕನ ಗುಡಿಯ ಶಿಖರದ ತಲೆ ಚೌಕ, ತಂಗಿಯದು ದುಂಡು. ಒಳಗಿನ ಕಂಬಗಳಲ್ಲಿ ಅಲ್ಲಿ ರಾಮಾಯಣ ಎದ್ದು ಕಂಡರೆ ಇಲ್ಲಿ ಕೃಷ್ಣನ ಕಥೆಗಳಿವೆ, ಪಂಚತಂತ್ರದ ಪ್ರಾಣಿಗಳಿವೆ. ವಿರೂಪಾಕ್ಷ ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದೂ ಸಿಕ್ಕಿತ್ತು. ಲೆಕ್ಕ ಬಿಟ್ಟು ಒಂದು ಗೇಣು ಕಲ್ಲನ್ನೂ ಎತ್ತಲಾಗದ ಕೆಲಸ ಅದು. ಆದರೂ ಒಂದನ್ನು ನೋಡಿದವರು ಇನ್ನೊಂದನ್ನು ನೋಡಲೇಬೇಕು, ಒಂದರ ನಕಲು ಇನ್ನೊಂದಲ್ಲ. ಮಲ್ಲಿಕಾರ್ಜುನದ ಕಂಬಗಳ ಹತ್ತಿರ ನಾನು ಹೆಚ್ಚು ಹೊತ್ತು ನಿಂತೆ. ನಾನೂ ತಂಗಿಯೇ ಅಲ್ಲವೇ.

ಪ್ರೀತಿ ಇದ್ದರೆ ಸಾಕು, ಕೆಲಸ ತಾನೇ ಚೆಂದ ಆಗುತ್ತದೆ ಎಂದೂ ಹೇಳಲಾರೆ. ಇದೇ ಸೀರೆಗೆ ನಮ್ಮ ಹಳೆಯ ಮನೆಯ ತುಳಸಿ ಕಟ್ಟೆ ಹಾಕಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಮನೆಗಳು ಹೋದವು, ಅದರಲ್ಲಿ ನಮ್ಮದೂ ಒಂದು. ಆ ಕಟ್ಟೆಯ ಒಂದು ಮೂಲೆ ಒಡೆದಿತ್ತು. ಒಡೆದ ಮೂಲೆಯ ಸಮೇತ ಹಾಕಿ ನೋಡಿದೆ. ಅಕ್ಕನಿಗೂ ನನಗೂ ಅದು ನಮ್ಮ ಅಂಗಳ. ಆದರೆ ಅದನ್ನು ಕಾಣದವರ ಕಣ್ಣಿಗೆ ಅಲ್ಲಿ ಎಳೆ ತಪ್ಪಿದ ಹಾಗಿತ್ತು, ಪಕ್ಕದ ಆನೆಯೂ ತೇರೂ ಅದರಿಂದ ಓರೆಯಾಗಿ ಕಂಡವು. ಬಿಚ್ಚಿದೆ. ಕಟ್ಟೆಯನ್ನು ಪೂರ್ತಿ ಮಾಡಿ, ದೀಪದ ಗೂಡನ್ನು ಮಾತ್ರ ನಡುವೆ ಇಡದೆ ನಮ್ಮಲ್ಲಿದ್ದ ಹಾಗೆ ಎಡಕ್ಕೆ ಸರಿಸಿದೆ. ಬಟ್ಟೆ ಅಷ್ಟನ್ನು ಒಪ್ಪಿಕೊಂಡಿತು. ನೆನಪು ದೊಡ್ಡದಾಗಿರಬಹುದು, ಆದರೆ ಎಷ್ಟು ಒಳಗೆ ಬರಬೇಕೆಂಬುದನ್ನು ಕಣ್ಣು ನೋಡಿ ಹೇಳಬೇಕು. ಇದಕ್ಕೂ ಯಾವ ಪುಸ್ತಕದಲ್ಲೂ ಅಳತೆ ಸಿಗಲಿಕ್ಕಿಲ್ಲ.

ಯಂತ್ರದಲ್ಲಿ ಹಾಕಿದ ಕಸೂತಿ ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಉಡುವವರನ್ನು ನಾನು ಬೈಯುವುದಿಲ್ಲ, ಕೈಕಸೂತಿಗೆ ಕೊಡುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಆದರೆ ಅದನ್ನು ಮಗುಚಿ ನೋಡಿದರೆ ಓದಲು ಏನೂ ಸಿಗುವುದಿಲ್ಲ.

ಗುಳೇದಗುಡ್ಡದ ಹುಡುಗಿಗೆ ಹೋದ ವಾರ ಒಂದು ಮಾತು ಹೇಳಿದ್ದೆ: ಪುಸ್ತಕ ಮುಚ್ಚಿಡು, ನಿಮ್ಮ ಮನೆಯಲ್ಲಿ ದಿನಾ ಕಣ್ಣಿಗೆ ಬೀಳುವ ಯಾವುದಾದರೂ ವಸ್ತು ಹಾಕಿಕೊಂಡು ಬಾ. ಅವಳ ಅಪ್ಪ ಕೈಮಗ್ಗದಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಾರೆ. ಇಂದು ಚಹಾ ಕುಡಿದ ಮೇಲೆ ಚೀಲದಿಂದ ಒಂದು ತುಂಡು ಮ್ಯಾಟಿ ಬಟ್ಟೆ ತೆಗೆದಳು. ಅದರ ಮೇಲೆ ಮಗ್ಗದ ಲಾಳಿ. ಎರಡೂ ತುದಿಯ ಚೂಪನ್ನು ಮುರಗಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಳು, ಒಳಗಿನ ದಾರದ ಉಂಡೆಗೆ ಮೆಂತೆ. ನಾನು ಇದುವರೆಗೆ ಕಸೂತಿಯಲ್ಲಿ ಲಾಳಿ ನೋಡಿರಲಿಲ್ಲ. "ಅಪ್ಪಾ ಇದನ್ನ ದಿನಾ ಒಗೀತಾರ‍್ರಿ, ಅದರ ಸಪ್ಪಳದಾಗ ನಾ ಓದಿನಿ" ಅಂದಳು.

ಲಾಳಿಯಿಂದ ಹೊರಬರುವ ಎಳೆ ಮಾತ್ರ ಅರ್ಧಕ್ಕೆ ನಿಂತಿತ್ತು. ಅದನ್ನು ಗವಂತಿಯಲ್ಲಿ ಎಳೆದರೆ ಮರಳಿ ಬರಲು ದಾರಿ ಸಿಗುತ್ತಿಲ್ಲ ಎಂದಳು. ಬಟ್ಟೆ ಮಗುಚಿ ನೋಡಿದೆ. ಎರಡು ದಾರಿ ನನಗೆ ಕಂಡವು, ಎರಡೂ ಸರಿಯಾದವೇ. ಹೇಳಲಿಲ್ಲ. "ನಿಮ್ಮ ಅಪ್ಪಾರ ಮಗ್ಗದ ಮುಂದ ಕುಂತು ನೋಡವ್ವ, ಆ ಎಳಿ ಎತ್ತಾಗಿಂದ ಬಂದು ಎತ್ತಾಗ ಹೋಗತೈತಿ ಅಂತ" ಅಂದೆ. ಗುರುವಾರ ಎಳ್ಳ ಅಮಾವಾಸ್ಯೆ, ಅವರ ಮನೆಯಲ್ಲಿ ಹೊಲಕ್ಕೆ ನೈವೇದ್ಯ ಚೆಲ್ಲುವ ಚರಗದ ಗಡಿಬಿಡಿ ಇರುತ್ತದೆ. ಅದು ಮುಗಿಸಿಕೊಂಡು ಮುಂದಿನ ರವಿವಾರ ಬರುತ್ತಾಳಂತೆ.